ಹುಡುಗರ ಕೈಗೆ ನಶೆ ಬರುವುದು ಎಲ್ಲಿಂದ, ಮೈಯೊಳಗೆ ಹೋಗಿ ಅದು ಮಾಡುವುದೇನು

ರಾಯಚೂರು ಕಡೆ ಹುಡುಗರು ಕೆಡುತ್ತಿದ್ದಾರೆ ಅನ್ನೋ ಮಾತು ಬಂದರೆ ಮೊದಲು ಕೇಳುವ ಹೆಸರು ಗಾಂಜಾ. ಪೇಪರಿನಲ್ಲೂ ಅದೇ. ಹತ್ತಿ ಹೊಲದ ನಡುವೆ ಗಿಡ ಸಿಕ್ಕಿತು, ರೈಲಿನಲ್ಲಿ ಚೀಲ ಸಿಕ್ಕಿತು, ಇಷ್ಟು ಜನರ ಬಂಧನ. ಫೋಟೊದಲ್ಲಿ ಪೊಲೀಸರು ಸಾಲಾಗಿ ನಿಂತಿರುತ್ತಾರೆ, ಮುಂದೆ ಟೇಬಲ್ ಮೇಲೆ ಪೊಟ್ಟಣ. ಸುದ್ದಿ ಸುಳ್ಳಲ್ಲ. ಆದರೆ ಅದನ್ನೇ ನೋಡುತ್ತಾ ಕೂತರೆ ನಶೆ ಅಂದರೆ ಎಲ್ಲಿಂದಲೋ ಬರುವ ಕಳ್ಳ ಮಾಲು ಎಂದು ನಮಗೆ ಅನಿಸಿಬಿಡುತ್ತದೆ. ಒಂಬತ್ತು, ಹತ್ತನೇ ಕ್ಲಾಸಿನ ಮಗುವಿನ ಕೈಗೆ ಸುಲಭವಾಗಿ ಸಿಗುವ ವಸ್ತುಗಳು ಬೇರೆ. ಗುಟ್ಕಾ, ವಿಸ್ಕಿಯ 90 ಎಂಎಲ್ ಪ್ಯಾಕೆಟ್, ಸೇಂದಿ ಅಂದರೆ ಈಚಲ ಮರದ ಹೆಂಡ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಎಂಬ ಅಂಟು, ಮನೆಯಲ್ಲೇ ಇರುವ ಅಜ್ಜನ ನಿದ್ದೆ ಮಾತ್ರೆ. ಇವನ್ನು ಕೊಡುವವರು ಅಪರಿಚಿತರೂ ಅಲ್ಲ. ಪರಿಚಯದ ಅಂಗಡಿಯವರು, ಜೊತೆಗೆ ಕೂಲಿಗೆ ಹೋದ ಅಣ್ಣಂದಿರು, ಕೆಲವು ಸಲ ಮನೆಯವರೇ.

ದೇಶದ ಲೆಕ್ಕವೂ ಸುಮಾರು ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 17 ವರ್ಷದ ಮಕ್ಕಳಲ್ಲಿ ಶೇ 1.3ರಷ್ಟು ಮದ್ಯ ಕುಡಿಯುತ್ತಾರೆ. ಸಲ್ಯೂಷನ್, ಥಿನ್ನರ್‌ನಂಥದ್ದನ್ನು ಮೂಸಿ ನಶೆ ಮಾಡುವವರು ಶೇ 1.17. ದೊಡ್ಡವರಲ್ಲಿ ಮೂಸುವವರು ಶೇ 0.58 ಮಾತ್ರ. ಬೇರೆ ಎಲ್ಲ ನಶೆಯಲ್ಲೂ ದೊಡ್ಡವರೇ ಮುಂದೆ. ಇದೊಂದರಲ್ಲಿ ಮಕ್ಕಳು ಮುಂದೆ.

ಗುಟ್ಕಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು. ಎರಡನ್ನೂ ಅಂಗೈಯಲ್ಲಿ ಸುರಿದು ಕಲಸಿದರೆ ಮುಗೀತು, ನಿಷೇಧವೂ ಉಳಿಯಿತು, ಗುಟ್ಕಾನೂ ಉಳಿಯಿತು. ಈಗ ರಾಜ್ಯದ ಹೊಸ ತಿದ್ದುಪಡಿಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಅಂಗಡಿಯಲ್ಲಿ ವಯಸ್ಸು ಕೇಳಿದ್ದನ್ನು ನೀವು ನೋಡಿದ್ದೀರಾ?

ಪ್ಯಾಕೆಟ್‌ನ ಲೆಕ್ಕ

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಸಾರಾಯಿ ಅಂಗಡಿ ಮುಚ್ಚಿತು, ಕುಡಿಯುವ ಬಾಯಿ ಮುಚ್ಚಲಿಲ್ಲ. ಆ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿಯ ಸಣ್ಣ ಪ್ಯಾಕೆಟ್ ಬಂದು ಕೂತಿತು. ಲೈಸೆನ್ಸ್ ಇರುವ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ತಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಗುಡಿಸಲಲ್ಲಿ, ಡಾಬಾದಲ್ಲಿ ಮಾರುತ್ತಾರೆ. ನಮ್ಮ ಭಾಗದ ಹೆಣ್ಣುಮಕ್ಕಳು ವರ್ಷಗಟ್ಟಲೆ ಜಗಳ ಮಾಡಿದ್ದು ಇದರ ಮೇಲೇ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ಸಾವಿರಾರು ಮಹಿಳೆಯರು ನಡೆದರಲ್ಲ, ಅದರಲ್ಲಿ ರಾಯಚೂರು ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದರು. ಉಪ್ಪು, ಸಕ್ಕರೆ ಸಿಗುವ ಅಂಗಡಿಯಲ್ಲೇ ಮದ್ಯವೂ ಸಿಕ್ಕರೆ ಸಾಮಾನು ತರಲು ಹೋದ ಮಗುವಿಗೂ ಅದು ಸಾಮಾನೇ ಆಗಿಬಿಡುತ್ತದೆ.

ಆ ಪ್ಯಾಕೆಟ್ ಸಣ್ಣದು, ಒಂದು ಗ್ಲಾಸ್ ಚಹಾದಷ್ಟು. ಅದಕ್ಕೇ ಮೋಸ. ಮೇಲೆ ಸಣ್ಣ ಅಕ್ಷರದಲ್ಲಿ ಶೇ 42.8 ಎಂದಿರುತ್ತದೆ. ಅಂದರೆ 90 ಎಂಎಲ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 38 ಎಂಎಲ್, ತೂಕದಲ್ಲಿ 30 ಗ್ರಾಂ. ದೊಡ್ಡವರ ಲಿವರ್ ಒಂದು ತಾಸಿಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಒಂದು ಪ್ಯಾಕೆಟ್ ಇಳಿಯಲು ಮೂರು-ನಾಲ್ಕು ತಾಸು ಬೇಕು. ಈಗ 45 ಕೆಜಿ ತೂಕದ ಹುಡುಗ ಅದನ್ನು ಐದು ನಿಮಿಷದಲ್ಲಿ ಕುಡಿದ ಅಂದುಕೊಳ್ಳಿ. ಅವನ 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲ್ 90-100 ಮಿಲಿಗ್ರಾಂ ಹತ್ತಿರ ಹೋಗಬಹುದು. ಗಾಡಿ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 30. ಒಂದೇ ಪ್ಯಾಕೆಟ್‌ಗೆ ಮೂರು ಪಟ್ಟು. ಆಮೇಲೆ ಅವನು ಅಪ್ಪನ ಬೈಕ್ ತೆಗೆಯುತ್ತಾನೆ.

‘ಏ, ನಾ ಬರೀ ಬೀರ್ ಕುಡಿತೀನಿ ಬಿಡೋ’ ಅನ್ನೋದು ಇನ್ನೊಂದು ಮಾತು. ಸ್ಟ್ರಾಂಗ್ ಬೀರ್‌ನ 650 ಎಂಎಲ್ ಬಾಟಲಿ ತೆಗೆದುಕೊಳ್ಳಿ. ಶೇ 7 ಎಂದು ಹಿಡಿದರೂ ಅದರಲ್ಲಿ 36 ಗ್ರಾಂ ಆಲ್ಕೋಹಾಲ್ ಇದೆ. ವಿಸ್ಕಿ ಪ್ಯಾಕೆಟ್‌ಗಿಂತ ಜಾಸ್ತಿ. ಬೀರ್ ಹಗುರ ಅನ್ನೋದು ನಾಲಿಗೆಯ ಲೆಕ್ಕ, ಲಿವರ್ ಆ ಲೆಕ್ಕ ಒಪ್ಪುವುದಿಲ್ಲ.

ಇನ್ನೊಂದು ಅಪಾಯದ ಬಗ್ಗೆ ಯಾರೂ ಮಾತಾಡಲ್ಲ. ಊಟ ಮಾಡಿ ತುಂಬಾ ಹೊತ್ತಾದ ಮೇಲೆ ರಕ್ತದಲ್ಲಿ ಸಕ್ಕರೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ಲಿವರ್. ಆಲ್ಕೋಹಾಲ್ ಬಂದರೆ ಲಿವರ್ ಆ ಕೆಲಸ ಬಿಟ್ಟು ಇದನ್ನು ಕರಗಿಸಲು ನಿಲ್ಲುತ್ತದೆ. ಮಕ್ಕಳ ಮೈಯಲ್ಲಿ ಸಕ್ಕರೆಯ ದಾಸ್ತಾನು ಮೊದಲೇ ಕಡಿಮೆ. ದಿನವಿಡೀ ಹತ್ತಿ ಬಿಡಿಸಿ, ಮಧ್ಯಾಹ್ನ ಅರ್ಧ ರೊಟ್ಟಿ ತಿಂದ ಹುಡುಗ ಸಂಜೆ ದೊಡ್ಡವರ ಜೊತೆ ಕೂತು ಕುಡಿದರೆ ಸಕ್ಕರೆ ಥಟ್ಟನೆ ಇಳಿಯುತ್ತದೆ. ಬೆವರು, ನಡುಕ, ಕೆಲವು ಸಲ ಫಿಟ್ಸ್. ನೋಡಿದವರು ‘ಏರಿದೆ, ಮಲಗಿದರೆ ಇಳಿಯುತ್ತೆ’ ಅಂತ ಬಿಟ್ಟು ಹೋಗುತ್ತಾರೆ. ಹಾಗೆ ಬಿಡಬಾರದು. ಕರೆದರೆ ಎಚ್ಚರವಾಗದ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ವಾಂತಿ ಗಂಟಲಲ್ಲಿ ಸಿಕ್ಕಿಕೊಳ್ಳಬಾರದು. ಪಕ್ಕದಲ್ಲಿ ಒಬ್ಬರು ಇರಬೇಕು. 108ಕ್ಕೆ ಫೋನ್ ಮಾಡಬೇಕು. ಮಜ್ಜಿಗೆ, ನಿಂಬೆಹಣ್ಣಿನ ರಸ, ಉಪ್ಪುನೀರು ಯಾವುದೂ ನಶೆ ಇಳಿಸುವುದಿಲ್ಲ. ಎಚ್ಚರವಿಲ್ಲದ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಷ್ಟೆ.

ಸೇಂದಿ ಎಂಬ ಬಿಳಿ ನೀರು

ಬಳ್ಳಾರಿ, ಕೊಪ್ಪಳದವರಿಗಿಂತ ರಾಯಚೂರಿನವರಿಗೆ ಇದು ಹೆಚ್ಚು ಗೊತ್ತು. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿ ಮಾರಲು ಅನುಮತಿ ಇದೆ, ನಮ್ಮ ಕಡೆ ಇಲ್ಲ. ಆದರೂ ಬರುತ್ತದೆ. ಈಚಲ ಮರದಿಂದ ಇಳಿಸಿದ ನಿಜವಾದ ಸೇಂದಿಯಲ್ಲಿ ಆಲ್ಕೋಹಾಲ್ ಬೀರ್‌ನಷ್ಟು ಇರುತ್ತದೆ. ಆದರೆ ಕುಡಿಯುವವರಿಗೆ ಸಾಕಾಗುವಷ್ಟು ಮರಗಳೇ ಇಲ್ಲ. ಹಾಗಾದರೆ ಅಷ್ಟು ಸೇಂದಿ ಎಲ್ಲಿಂದ ಬರುತ್ತದೆ? ಡ್ರಮ್ಮಿನಿಂದ. ನೀರು, ಸ್ಯಾಕ್ರಿನ್, ನೊರೆಗೆ ಒಂದಿಷ್ಟು, ಮತ್ತು ನಶೆಗೆ ಸಿಎಚ್ ಪೌಡರ್.

ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. ಹಿಂದೆ ನಿದ್ದೆಗೆ ಕೊಡುತ್ತಿದ್ದ ಔಷಧಿ. ಮೈಯೊಳಗೆ ಹೋದ ಮೇಲೆ ಅದು ಇನ್ನೊಂದು ರಾಸಾಯನಿಕವಾಗಿ ಬದಲಾಗುತ್ತದೆ. ನಿದ್ದೆ ತರುವುದು ಆ ಎರಡನೆಯದು, ಮೈಯಲ್ಲಿ ತಾಸುಗಟ್ಟಲೆ ಉಳಿಯುವುದೂ ಅದೇ. ಜೊತೆಗೆ ಆಲ್ಕೋಹಾಲ್ ಇದ್ದರೆ ಒಂದನ್ನು ಕರಗಿಸುವ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ. ಎರಡರ ಏಟೂ ಜಾಸ್ತಿಯಾಗುತ್ತದೆ. ಉಸಿರಾಟ ನಿಧಾನವಾಗುತ್ತದೆ, ಪ್ರಮಾಣ ಹೆಚ್ಚಾದರೆ ಹೃದಯದ ಬಡಿತವೇ ಲಯ ತಪ್ಪುತ್ತದೆ. ಡ್ರಮ್ಮಿಗೆ ಪುಡಿ ಹಾಕುವವನು ತೂಕ ಮಾಡಿ ಹಾಕುವುದಿಲ್ಲ. ನಿನ್ನೆಯ ಸೀಸೆ ಮತ್ತು ಇವತ್ತಿನ ಸೀಸೆ ಒಂದೇ ಬಣ್ಣ, ಒಂದೇ ರುಚಿ. ಒಳಗಿನ ವಿಷ ಮಾತ್ರ ಎಷ್ಟಿದೆಯೋ ದೇವರಿಗೇ ಗೊತ್ತು. ಕೆಲವು ಕಡೆ ಇದರ ಬದಲು ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂಥ ನಿದ್ದೆ ಔಷಧಿಯ ಪುಡಿಯನ್ನೂ ಬೆರೆಸುತ್ತಾರೆ.

ಮಕ್ಕಳ ವಿಷಯಕ್ಕೆ ಇಲ್ಲಿ ಎರಡು ತೊಂದರೆ. ಒಂದು, ಸೇಂದಿ ತಂಪು, ಉಷ್ಣಕ್ಕೆ ಒಳ್ಳೇದು ಎಂಬ ಹಳೇ ನಂಬಿಕೆ. ಮರದ ಸೇಂದಿಯ ಕಾಲದ ಆ ನಂಬಿಕೆಯನ್ನು ಡ್ರಮ್ಮಿನ ಸೇಂದಿಗೂ ಹಚ್ಚಿ ಬೇಸಿಗೆಯಲ್ಲಿ ಮಕ್ಕಳಿಗೂ ಒಂದು ಗುಟುಕು ಕೊಡುವವರಿದ್ದಾರೆ. ಎರಡನೆಯದು ಇನ್ನೂ ಗಂಭೀರ. ದಿನಾ ಕುಡಿದು ರೂಢಿಯಾದವನು ಥಟ್ಟನೆ ನಿಲ್ಲಿಸಿದರೆ ಮೈ ತಿರುಗಿ ಬೀಳುತ್ತದೆ. ಕೈಕಾಲು ನಡುಕ, ನಿದ್ದೆ ಇಲ್ಲ, ಇಲ್ಲದ್ದು ಕಾಣುವುದು, ಏನೇನೋ ಮಾತಾಡುವುದು, ಫಿಟ್ಸ್. ಊರಲ್ಲಿ ಇದನ್ನು ಗಾಳಿ ಸೋಕಿದೆ ಎಂದು ತಿಳಿದು ದರ್ಗಾಕ್ಕೋ ಗುಡಿಗೋ ಕರೆದುಕೊಂಡು ಹೋಗುತ್ತಾರೆ. ಹೋಗಲಿ, ನಂಬಿಕೆ ಅವರದು. ಆದರೆ ಮೊದಲು ಆಸ್ಪತ್ರೆಗೆ ಹೋಗಬೇಕು. ಕುಡಿತ ಬಿಟ್ಟ ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದ ದಿನಗಳು. ರೂಮಿನಲ್ಲಿ ಕೂಡಿಹಾಕಿ ಬಿಡಿಸುತ್ತೇನೆ ಅನ್ನುವ ಅಪ್ಪಂದಿರು ಇದನ್ನು ಗಮನಿಸಬೇಕು.

ಕರ್ಚೀಫಿನ ವಾಸನೆ

ಸಲ್ಯೂಷನ್ ಮೂಸುವ ಮಕ್ಕಳು ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಅಕ್ಕಪಕ್ಕ ಮಾತ್ರ ಇರುತ್ತಾರೆ, ಚಿಂದಿ ಆಯುವವರು ಮಾತ್ರ ಮಾಡುತ್ತಾರೆ ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಹಾಗೇನಿಲ್ಲ. ಪಂಕ್ಚರ್ ಹಾಕುವ ಅಂಟು, ವೈಟ್ನರ್, ಥಿನ್ನರ್, ಪೆಟ್ರೋಲ್ ಎಲ್ಲ ಮನೆಯ ಹತ್ತಿರವೇ ಇವೆ. ಕೊಳ್ಳುವಾಗ ವಯಸ್ಸು ಕೇಳುವವರಿಲ್ಲ. ಬೆಲೆ ಕಡಿಮೆ. ಬಾಯಿಗೆ ಮದ್ಯದ ವಾಸನೆ ಬರಲ್ಲ. ಮಕ್ಕಳಲ್ಲೇ ಇದು ಜಾಸ್ತಿ ಯಾಕೆ ಅನ್ನೋದಕ್ಕೆ ಬೇರೆ ಉತ್ತರ ಬೇಕಿಲ್ಲ ಅಲ್ವಾ?

ಇವುಗಳಲ್ಲಿರುವುದು ಟಾಲ್ವೀನ್‌ನಂಥ ದ್ರಾವಕ. ಹೊಟ್ಟೆಯ ದಾರಿಯಲ್ಲಿ ಹೋಗದೆ ಶ್ವಾಸಕೋಶದಿಂದ ನೇರವಾಗಿ ರಕ್ತಕ್ಕೆ, ಅಲ್ಲಿಂದ ಮೆದುಳಿಗೆ ಕ್ಷಣಗಳಲ್ಲಿ ಮುಟ್ಟುತ್ತದೆ. ಕೊಬ್ಬನ್ನು ಕರಗಿಸುವುದು ಅದರ ಗುಣ. ಮೆದುಳಿನ ನರಗಳ ಮೇಲಿರುವ ಹೊದಿಕೆಯೂ ಬಹುಪಾಲು ಕೊಬ್ಬೇ. ತುಂಬಾ ದಿನ ಮೂಸಿದವರಿಗೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಓದಿದ್ದು ನಿಲ್ಲುವುದಿಲ್ಲ.

ಈ ದ್ರಾವಕದಿಂದ ಮೊದಲ ಸಲವೇ ಸಾವು ಬರಬಹುದು. ಅದು ಮೈಯಲ್ಲಿದ್ದಾಗ ಹೃದಯ ತುಂಬಾ ಸೂಕ್ಷ್ಮವಾಗಿರುತ್ತದೆ. ಆಗ ಹೆದರಿಸಿದರೆ, ಓಡಿಸಿದರೆ ಮೈಯಲ್ಲಿ ಅಡ್ರಿನಲಿನ್ ಏರಿ ಬಡಿತ ಲಯ ತಪ್ಪಿ ಹೃದಯವೇ ನಿಲ್ಲಬಹುದು. ಆದ್ದರಿಂದ ಶಾಲೆಯ ಹಿಂದೆ ಹುಡುಗರು ಕರ್ಚೀಫು ಮೂಗಿಗೆ ಹಿಡಿದು ಕೂತದ್ದು ಕಂಡರೆ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ನಿಧಾನವಾಗಿ ಹೋಗಿ, ಮೆತ್ತಗೆ ಮಾತಾಡಿ, ಗಾಳಿ ಆಡುವ ಕಡೆ ಕೂರಿಸಿ. ಸಿಟ್ಟು ನಾಳೆಗೆ ಇರಲಿ.

ನಿದ್ದೆ ಮಾತ್ರೆ, ಕೋಡಿನ್ ಇರುವ ಕೆಮ್ಮಿನ ಸಿರಪ್ಪು ಇವೂ ಹತ್ತಿರದ ವಸ್ತುಗಳೇ. ಚೀಟಿ ಇಲ್ಲದೆ ಕೊಡಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಮನೆಯಲ್ಲಿ ಹಿರಿಯರ ಮಾತ್ರೆ ಇದ್ದರೆ ಎಣಿಸಿ ಇಡಿ, ಅಷ್ಟು ಸಾಕು. ಇನ್ನು ಗಾಂಜಾ ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ಹದಿಹರೆಯದಲ್ಲಿ ಪದೇಪದೇ ಸೇದಿದರೆ ನೆನಪು, ಗಮನ ಎರಡೂ ಮಂಕಾಗುತ್ತವೆ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಕಿವಿಯಲ್ಲಿ ಮಾತು ಕೇಳುತ್ತಿದೆ ಎನ್ನುವ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ.

ಹುಡುಗರು ಅಂತಲೇ ಬರೆಯುತ್ತಾ ಬಂದೆ. ಹುಡುಗಿಯರೂ ಇದ್ದಾರೆ. ಎಲೆ-ಅಡಿಕೆಯ ಜೊತೆಗಿನ ತಂಬಾಕು, ತಂಬಾಕು ಇರುವ ಹಲ್ಲುಪುಡಿ, ಮಾತ್ರೆ. ಮರ್ಯಾದೆಗೆ ಹೆದರಿ ಮನೆಯವರು ಮುಚ್ಚಿಡುತ್ತಾರೆ. ಆಸ್ಪತ್ರೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಆ ವಯಸ್ಸೇ ಯಾಕೆ

ದೊಡ್ಡವರೂ ಕುಡಿಯುತ್ತಾರೆ, ಅವರೆಲ್ಲ ಚಟಕ್ಕೆ ಬಿದ್ದಿಲ್ಲವಲ್ಲ ಎಂದು ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಮೆದುಳು ಬೆಳೆಯುವ ಕ್ರಮದಲ್ಲಿದೆ. ಖುಷಿ, ಆಸೆ, ಹೊಸತನದ ಹುಚ್ಚು ಇವಕ್ಕೆ ಸಂಬಂಧಿಸಿದ ಭಾಗ ಹನ್ನೆರಡು-ಹದಿಮೂರಕ್ಕೆ ಜೋರಾಗಿ ಎದ್ದು ಕೂರುತ್ತದೆ. ‘ತಡಿ, ಮುಂದೇನಾಗುತ್ತೆ ಯೋಚಿಸು’ ಎನ್ನುವ ಭಾಗ ಹಣೆಯ ಹಿಂದಿದೆ. ಅದು ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಿದೆ, ತೂಬಿನ ಬಾಗಿಲು ಇನ್ನೂ ಕೂಡಿಸಿಲ್ಲ, ಹಾಗೆ.

ನಶೆ ಮಾಡಿದಾಗ ಮೆದುಳಿನಲ್ಲಿ ಡೋಪಮಿನ್ ಏರುತ್ತದೆ. ಅದನ್ನು ಖುಷಿಯ ರಾಸಾಯನಿಕ ಅನ್ನುತ್ತಾರೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದು ‘ಇದು ಮುಖ್ಯ, ನೆನಪಿಟ್ಟುಕೋ, ಮತ್ತೆ ಮಾಡು’ ಎನ್ನುವ ಸಂದೇಶ. ಸೈಕಲ್ ಹೊಡೆಯುವುದು, ಈಜುವುದು, ಹೊಸ ಭಾಷೆ, ಎಲ್ಲವನ್ನೂ ಬೇಗ ಕಲಿಯುವ ವಯಸ್ಸು ಅದು. ಚಟವೂ ಒಂದು ಕಲಿಕೆಯೇ. ಅದನ್ನೂ ಅಷ್ಟೇ ಬೇಗ ಕಲಿಯುತ್ತದೆ. ಪದೇಪದೇ ಆದಾಗ ಸಣ್ಣಪುಟ್ಟ ಖುಷಿಗೆ ಮೆದುಳು ಎಚ್ಚರವಾಗುವುದೇ ಇಲ್ಲ. ಕ್ರಿಕೆಟ್ ಬೇಜಾರು, ಜಾತ್ರೆ ಬೇಜಾರು, ಗೆಳೆಯರು ಬೇಜಾರು. ಆ ಹಂತದಲ್ಲಿ ಹುಡುಗ ಮಜಾಕ್ಕೆ ಕುಡಿಯುತ್ತಿರುವುದಿಲ್ಲ. ಸರಿ ಇರುವುದಕ್ಕೆ ಕುಡಿಯುತ್ತಿರುತ್ತಾನೆ.

ಇನ್ನೊಂದು ವಿಚಿತ್ರ ಇದೆ. ಕುಡಿದಾಗ ದೊಡ್ಡವರಿಗೆ ಬೇಗ ನಿದ್ದೆ ಬರುತ್ತದೆ, ಕಾಲು ಎಳೆಯುತ್ತದೆ. ಸಾಕು ಎಂದು ಮೈ ಹೇಳುತ್ತದೆ. ಹದಿಹರೆಯದವರಿಗೆ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಆದರೆ ನೆನಪಿನ ಮೇಲಿನ ಪೆಟ್ಟು ಅವರಿಗೇ ಹೆಚ್ಚು. ‘ನನಗೆ ಏರೋದೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವ ಹುಡುಗ ಗಟ್ಟಿ ಅಲ್ಲ, ಅವನ ಮೈ ಇನ್ನೂ ಎಚ್ಚರಿಕೆ ಕೊಡಲು ಕಲಿತಿಲ್ಲ.

1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ವರ್ಷಕ್ಕೆ ಮೊದಲೇ ಕುಡಿತ ಶುರು ಮಾಡಿದವರಲ್ಲಿ ಸುಮಾರು ಶೇ 40ರಷ್ಟು ಮಂದಿ ಮುಂದೆ ಎಂದಾದರೊಮ್ಮೆ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು ಶೇ 10. ಇದೆಲ್ಲ ಬರೀ ವಯಸ್ಸಿನಿಂದ ಆದದ್ದಲ್ಲ. ಬೇಗ ಶುರು ಮಾಡುವ ಮಕ್ಕಳ ಮನೆಯ ಕಷ್ಟವೂ ಬೇರೆ ಇರುತ್ತದೆ. ನಮ್ಮ ಕಡೆ ಅಪ್ಪ-ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಅಜ್ಜಿಯ ಜೊತೆ ಉಳಿದ ಮಕ್ಕಳು ಎಷ್ಟಿಲ್ಲ? ಆದರೂ ಮೊದಲ ಗುಟುಕನ್ನು ಎರಡು ವರ್ಷ ಮುಂದಕ್ಕೆ ತಳ್ಳಿದರೂ ಲಾಭವೇ.

ಗೊತ್ತಾದ ಮೇಲೆ

ಹೊಡೆಯುವುದು, ಶಾಲೆಯಿಂದ ಟಿಸಿ ಕೊಟ್ಟು ಕಳಿಸುವುದು, ಊರು ಬಿಡಿಸಿ ಕೆಲಸಕ್ಕೆ ಹಾಕುವುದು, ‘ಮದುವೆ ಮಾಡಿದರೆ ಸರಿ ಹೋಗ್ತಾನೆ’ ಅನ್ನುವುದು. ಇವೆಲ್ಲ ನಮಗೆ ಬಾಯಿಪಾಠ. ಟಿಸಿ ಕೊಟ್ಟ ಮರುದಿನ ಆ ಹುಡುಗನಿಗೆ ಉಳಿಯುವ ಗೆಳೆಯರು ಯಾರು, ಯೋಚಿಸಿ.

ಇದಕ್ಕಿಂತ ಅಪಾಯದ್ದು ಗೋಡೆಯ ಮೇಲಿನ ಜಾಹೀರಾತು. ‘ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ, ಊಟದಲ್ಲಿ ಬೆರೆಸಿ ಕೊಡಿ.’ ಇಂಥ ಪುಡಿಗಳಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು. ಆಲ್ಕೋಹಾಲ್ ಮೈಯಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಬರುತ್ತದೆ. ಅದು ಮುಂದೆ ಕರಗದಂತೆ ಈ ಔಷಧಿ ತಡೆಯುತ್ತದೆ. ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಜೀವಕ್ಕೇ ಕುತ್ತು. ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರು ಕೊಡಬೇಕಾದ ಔಷಧಿ ಅದು. ಕದ್ದು ಕೊಡುವುದಲ್ಲ. ಮಕ್ಕಳಿಗಂತೂ ಬೇಡವೇ ಬೇಡ.

ಸುಮ್ನೆ ಒಂದೆರಡು ಸಲ ರುಚಿ ನೋಡಿದವನನ್ನು, ಚಟಕ್ಕೆ ಬಿದ್ದವನನ್ನು ಬೇರೆ ಮಾಡಿ ನೋಡಬೇಕು. ಹದಿಹರೆಯದವರಿಗೆ ವೈದ್ಯರು ಕೇಳುವ ಕೆಲವು ಸರಳ ಪ್ರಶ್ನೆಗಳಿವೆ. ಕುಡಿದವರು ಓಡಿಸುವ ಗಾಡಿಯಲ್ಲಿ ಹೋಗಿದ್ದೀಯಾ? ಮನಸ್ಸು ಹಗುರ ಮಾಡಿಕೊಳ್ಳೋಕೆ ತಗೊಳ್ತೀಯಾ? ಒಬ್ಬನೇ ಇದ್ದಾಗಲೂ? ಆಮೇಲೆ ಏನು ಮಾಡಿದೆ ಅನ್ನೋದು ಮರೆತುಹೋಗಿದೆಯಾ? ಕಡಿಮೆ ಮಾಡು ಅಂತ ಮನೆಯವರೋ ಗೆಳೆಯರೋ ಹೇಳಿದ್ದಾರಾ? ಇದರಿಂದ ಜಗಳ, ತೊಂದರೆ ಆಗಿದೆಯಾ? ಎರಡಕ್ಕೆ ಹೌದು ಬಂದರೆ ವೈದ್ಯರನ್ನು ಕಾಣುವ ಹೊತ್ತು. ಬೆಳಿಗ್ಗೆ ಏಳುವುದಿಲ್ಲ, ಮಾತಾಡುವುದಿಲ್ಲ ಅನ್ನೋದನ್ನಷ್ಟೇ ನೋಡಿ ಅನುಮಾನ ಪಡಬೇಡಿ. ಆ ವಯಸ್ಸಿನಲ್ಲಿ ಎಲ್ಲರೂ ಹಾಗೇ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಮಾದಕ ವಸ್ತುಗಳ 1985ರ ಕಾಯ್ದೆಯಲ್ಲೇ 64ಎ ಎಂಬ ಕಲಂ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಅದು ರಕ್ಷಣೆ ಕೊಡುತ್ತದೆ. ಮಕ್ಕಳ ವಿಷಯದಲ್ಲಿ ಕಾನೂನಿನ ಕಣ್ಣು ಇರುವುದು ಕೊಟ್ಟವರ ಮೇಲೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ 18ರೊಳಗಿನ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮಗುವಿನ ಕೈಯಲ್ಲಿ ಮದ್ಯ, ಮಾದಕ ವಸ್ತು ಸಾಗಿಸಿದರೂ ಮಾರಿಸಿದರೂ 78ನೇ ಕಲಂನಲ್ಲಿ ಅಷ್ಟೇ ಶಿಕ್ಷೆ. ಪ್ಯಾಕೆಟ್ ಕೊಟ್ಟ ಕಿರಾಣಿ ಅಂಗಡಿಗೂ ಇದು ಅನ್ವಯಿಸುತ್ತದೆ.

ಪ್ರತಿ ಜೂನ್ 26ಕ್ಕೆ ಶಾಲೆಗಳಿಂದ ಮಾದಕ ವಸ್ತು ವಿರೋಧಿ ಜಾಥಾ ಹೊರಡುತ್ತದೆ. ಬ್ಯಾನರ್, ಘೋಷಣೆ, ಬಿಸಿಲು. ಜಾಥಾ ಹೋಗುವ ದಾರಿಯಲ್ಲೇ ಆ ಅಂಗಡಿಯೂ ಇರುತ್ತದೆ. ಹೆದರಿಸುವ ಭಾಷಣದಿಂದ ಪ್ರಯೋಜನ ಕಡಿಮೆ ಎಂದು ಅಮೆರಿಕದವರು ಎಂದೋ ಕಲಿತರು. ಅಲ್ಲಿ 1983ರಲ್ಲಿ ಪೊಲೀಸರು ಶಾಲೆಗೆ ಬಂದು ಪಾಠ ಮಾಡುವ ದೊಡ್ಡ ಕಾರ್ಯಕ್ರಮ ಶುರುವಾಯಿತು. ಆಮೇಲೆ ಅಳೆದು ನೋಡಿದರೆ ಮಕ್ಕಳ ನಶೆಯ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಸಣ್ಣದು. ಆ ಒಂದು ದಿನದ ಬದಲು ಶಾಲಾ ಉಸ್ತುವಾರಿ ಸಮಿತಿಯವರು ಶಾಲೆಯ ಸುತ್ತಲಿನ ಅಂಗಡಿಗಳನ್ನು ಒಮ್ಮೆ ಸುತ್ತಿ ಬಂದರೆ ಹೆಚ್ಚು ಕೆಲಸವಾಗುತ್ತದೆ ಎಂದು ನನ್ನ ಅನಿಸಿಕೆ.

ಹೋಗಬೇಕಾದ ಜಾಗ ದೂರವಿಲ್ಲ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಇದೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಸರು ಹೇಳದೆ ಫೋನಿನಲ್ಲೇ ಮಾತಾಡಬೇಕೆಂದರೆ ವ್ಯಸನಕ್ಕೆ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮನಸ್‌ನ 14416. ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮಗುವನ್ನು ಯಾರಾದರೂ ಮದ್ಯ ಮಾರಲು ಬಳಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಹೋಗುವಾಗ ಮಗು ತೆಗೆದುಕೊಂಡ ಮಾತ್ರೆಯ ಖಾಲಿ ಪಟ್ಟಿಯೋ ಬಾಟಲಿಯೋ ಸಿಕ್ಕರೆ ಜೊತೆಗೆ ಒಯ್ಯಿರಿ. ಸೇಂದಿ ಕುಡಿದಿದ್ದರೆ ‘ಕುಡಿದಿದ್ದಾನೆ’ ಎಂದಷ್ಟೇ ಹೇಳಬೇಡಿ, ಸೇಂದಿ ಎಂದೇ ಹೇಳಿ, ಕೊನೆಯ ಸಲ ಯಾವಾಗ ಕುಡಿದ ಎಂದೂ ಹೇಳಿ. ಮದ್ಯವೋ, ಸಿಎಚ್ ಪೌಡರೋ, ನಿದ್ದೆ ಔಷಧಿಯೋ ಎನ್ನುವುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ.